ವಾರಕ್ಕೆ 12 ಗಂಟೆ: ಕಿಡ್ನಿ ಕೈಕೊಟ್ಟಾಗ ಡಯಾಲಿಸಿಸ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ನಮ್ಮ ಮಾಮಾ ಲಕ್ಷ್ಮೇಶ್ವರದ ಹತ್ತಿರದ ಹಳ್ಳಿಯವರು. ಹೊಲ, ಎತ್ತು, ಸಂತೆ ಅಂತ ಒಂದು ಕಡೆ ಕೂತವರಲ್ಲ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು, ಅದನ್ನು ದೊಡ್ಡದಾಗಿ ತಲೆಗೆ ಹಚ್ಚಿಕೊಂಡಿರಲಿಲ್ಲ. ಹೋದ ವರ್ಷ ಕಾಲು ಬಾತುಕೊಂಡವು ಅಂತ ಗದಗಿಗೆ ತೋರಿಸಲು ಹೋದರೆ, ರಕ್ತದ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 8.4 ಅಂತ ಬಂತು. ವಾರದೊಳಗೆ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಸೋಸುವುದು, ಶುರುವಾಯಿತು.

ಮೂರನೇ ಸಲ ಮುಗಿಸಿಕೊಂಡು ಬಂದ ದಿನ ಮಾಮಾನ ಹೆಂಡತಿ, ನಮ್ಮ ಅತ್ತಿ, ನನ್ನನ್ನು ಪಡಸಾಲಿಗೆ ಕರೆದು ಕೇಳಿದರು, "ಮೂರ್ ಸಲ ಆತಲ್ಲಪಾ, ಇನ್ನೆಷ್ಟ್ ಸಲ ಮಾಡಿಸಿದ್ರ ಪೂರಾ ಆರಾಮ ಆಕ್ಕಾರ?"

ಉತ್ತರ ಗೊತ್ತಿದ್ದರೂ ಹೇಳಲು ಬಾಯಿ ಬರಲಿಲ್ಲ. ಇದೇ ಪ್ರಶ್ನೆಯನ್ನು ಆಮೇಲೆ ಡಯಾಲಿಸಿಸ್ ವಾರ್ಡಿನ ಹೊರಗಿನ ಬೆಂಚುಗಳ ಮೇಲೆ ಎಷ್ಟೋ ಜನ ಕೇಳುವುದನ್ನು ಕೇಳಿದೆ. ಅತ್ತಿಗೆ ಅವತ್ತು ಹೇಳಲಾಗದ್ದನ್ನು ಇಲ್ಲಿ ಬುಡದಿಂದ ಹೇಳುತ್ತೇನೆ.

ಕಿಡ್ನಿ ದಿನವಿಡೀ ಮಾಡುವ ಕೆಲಸ

ಬೆನ್ನಿನ ಹಿಂದೆ, ಪಕ್ಕೆಲುಬಿನ ಕೆಳಗೆ, ಮುಷ್ಟಿ ಗಾತ್ರದ ಎರಡು ಕಿಡ್ನಿಗಳಿವೆ. ಒಂದೊಂದರಲ್ಲೂ ಸುಮಾರು 10 ಲಕ್ಷ ಸಣ್ಣ ಜರಡಿಗಳು. ಅವಕ್ಕೆ ನೆಫ್ರಾನ್ ಅನ್ನುತ್ತಾರೆ. ಇವು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಬೇಕಾದದ್ದನ್ನೆಲ್ಲ ಮತ್ತೆ ರಕ್ತಕ್ಕೆ ಎಳೆದುಕೊಂಡು, ಬೇಡವಾದದ್ದನ್ನು ಮಾತ್ರ ಒಂದೂವರೆ ಲೀಟರಿನಷ್ಟು ಮೂತ್ರ ಮಾಡಿ ಹೊರಗೆ ಹಾಕುತ್ತವೆ.

ಸೋಸುವುದಷ್ಟೇ ಆಗಿದ್ದರೆ ವಿಷಯ ಸುಲಭವಿತ್ತು. ಬಿ.ಪಿ. ಹತೋಟಿಯಲ್ಲಿಡುವುದರಲ್ಲೂ ಕಿಡ್ನಿಗೆ ದೊಡ್ಡ ಪಾಲಿದೆ. ರಕ್ತ ತಯಾರಿಸು ಅಂತ ಮೂಳೆಯೊಳಗಿನ ಮಜ್ಜೆಗೆ ಹೇಳಿಕಳಿಸುವ ಹಾರ್ಮೋನ್ ಹುಟ್ಟುವುದು ಇಲ್ಲೇ. ವಿಟಮಿನ್ ಡಿ ಕೆಲಸಕ್ಕೆ ಬರುವ ಹಾಗೆ ಆಗುವುದೂ ಇಲ್ಲೇ. ಅದಕ್ಕೇ ಕಿಡ್ನಿ ಕೆಟ್ಟವರ ಮುಖ ರಕ್ತ ಇಲ್ಲದೆ ಬಿಳಚಿಕೊಳ್ಳುತ್ತದೆ, ಮೂಳೆ ಸವೆಯುತ್ತವೆ, ಬಿ.ಪಿ. ಏರುತ್ತದೆ.

ಓಣಿಗೆ ಬರುವ ಕಸದ ಗಾಡಿ ನೆನಪಿಸಿಕೊಳ್ಳಿ. ಒಳ್ಳೆಯ ಕಿಡ್ನಿ ಅಂದರೆ ಹಗಲು-ರಾತ್ರಿ ಓಣಿಯಲ್ಲೇ ಸುತ್ತುತ್ತಿರುವ ಗಾಡಿ. ಕಸ ಬಿದ್ದ ಕೂಡಲೇ ಎತ್ತಿಕೊಂಡು ಹೋಗುತ್ತದೆ, ಹಾಗಾಗಿ ನಮಗೆ ಕಸದ ನೆನಪೇ ಇರುವುದಿಲ್ಲ. ವಾರಕ್ಕೆ 168 ಗಂಟೆ ಈ ಗಾಡಿ ಓಡುತ್ತದೆ.

ನೋವಿಲ್ಲದ ಕಾಯಿಲೆ, ಮೋಸ ಮಾಡುವ ಸಂಖ್ಯೆ

ಮಾಮಾಗೆ ಒಂದು ದಿನವೂ ಸೊಂಟ ನೋಯಲಿಲ್ಲ. ಕಿಡ್ನಿ ಕೆಡುವಾಗ ನೋವು ಬರಬೇಕು ಅನ್ನುವುದು ನಮ್ಮಲ್ಲಿ ಬೇರುಬಿಟ್ಟ ನಂಬಿಕೆ. ಹರಳಿದ್ದರೆ ನೋವು ಬರುತ್ತದೆ, ಹೌದು. ಆದರೆ ಸಕ್ಕರೆ ಕಾಯಿಲೆ, ಬಿ.ಪಿ.ಯಿಂದ ಜರಡಿಗಳು ಒಂದೊಂದಾಗಿ ಮುಚ್ಚುತ್ತಾ ಹೋಗುವಾಗ ಸದ್ದೇ ಇರುವುದಿಲ್ಲ. ಕಿಡ್ನಿ ವೈಫಲ್ಯಕ್ಕೆ ಇವೆರಡೇ ದೊಡ್ಡ ಕಾರಣ. ಸುಗ್ಗಿಯಲ್ಲಿ ಮೈ-ಕೈ ನೋವು ಅಂತ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಗುಳಿಗೆಗಳೂ ಕಿಡ್ನಿಗೆ ಪೆಟ್ಟು ಕೊಡುತ್ತವೆ. ಮುಂಜಾನೆ ಕಣ್ಣಿನ ಸುತ್ತ ಊತ, ಮೂತ್ರದಲ್ಲಿ ನಿಲ್ಲುವ ನೊರೆ, ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವುದು, ಮೈ ತುರಿಕೆ, ಊಟ ಕಂಡರೆ ವಾಕರಿಕೆ: ಇವು ಬರುವ ಹೊತ್ತಿಗೆ ಬಹಳ ಸಲ ತಡವಾಗಿರುತ್ತದೆ.

ಇನ್ನು ಕ್ರಿಯಾಟಿನಿನ್. ಸ್ನಾಯುಗಳು ಕೆಲಸ ಮಾಡುವಾಗ ಹುಟ್ಟುವ ಕಸ ಅದು. ಕಿಡ್ನಿ ಅದನ್ನು ಹೊರಗೆ ಹಾಕದಿದ್ದರೆ ರಕ್ತದಲ್ಲಿ ಉಳಿಯುತ್ತದೆ. ಸಾಮಾನ್ಯವಾಗಿ 0.6ರಿಂದ 1.2ರ ಒಳಗೆ ಇರಬೇಕು. ಇಲ್ಲೊಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಈ ಸಂಖ್ಯೆ ಎರಡು ಪಟ್ಟಾದರೆ, ಕಿಡ್ನಿಯ ಕೆಲಸ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ ಅಂತ ಅರ್ಥ. 1 ಇದ್ದದ್ದು 2 ಆದಾಗ ಮನೆಯಲ್ಲಿ ಯಾರೂ ಹೆದರುವುದಿಲ್ಲ, "ಒಂದೇ ಪಾಯಿಂಟ್ ಅಲ್ವಾ" ಅನ್ನುತ್ತಾರೆ. 6 ಇದ್ದದ್ದು 7 ಆದರೆ ಎಲ್ಲರೂ ಓಡುತ್ತಾರೆ. ಆದರೆ ಅರ್ಧ ಕಿಡ್ನಿ ಹೋದದ್ದು ಆ ಮೊದಲ ಒಂದು ಪಾಯಿಂಟಿನಲ್ಲಿ. ಮದ್ದು, ಪಥ್ಯ ಎಲ್ಲ ಹೆಚ್ಚು ಫಲ ಕೊಡುವುದೂ ಆ ಹೊತ್ತಿನಲ್ಲೇ.

ಅದಕ್ಕಾಗಿ ರಿಪೋರ್ಟಿನಲ್ಲಿ ಇಜಿಎಫ್‌ಆರ್ ಅನ್ನುವ ಇನ್ನೊಂದು ಸಾಲನ್ನೂ ನೋಡಿ. ಕಿಡ್ನಿ ನೂರಕ್ಕೆ ಎಷ್ಟು ದುಡಿಯುತ್ತಿದೆ ಅನ್ನುವ ಅಂದಾಜು ಅಂತ ಸರಳವಾಗಿ ತಿಳಿದುಕೊಳ್ಳಬಹುದು. 90ರ ಮೇಲಿದ್ದರೆ ಚೆನ್ನ. ಮೂರು ತಿಂಗಳಿಗಿಂತ ಜಾಸ್ತಿ ಕಾಲ 60ರ ಕೆಳಗಿದ್ದರೆ ದೀರ್ಘಕಾಲದ ಕಿಡ್ನಿ ಕಾಯಿಲೆ. 15ರ ಕೆಳಗೆ ಇಳಿದರೆ ಅದನ್ನೇ ವೈಫಲ್ಯ ಅನ್ನುವುದು. ಸಕ್ಕರೆ ಕಾಯಿಲೆ ಅಥವಾ ಬಿ.ಪಿ. ಇರುವವರು ವರ್ಷಕ್ಕೊಮ್ಮೆಯಾದರೂ ಈ ರಕ್ತ ಪರೀಕ್ಷೆಯ ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಹೋಗುತ್ತಿದೆಯಾ ಅಂತ ನೋಡಿಸಿಕೊಳ್ಳಬೇಕು. ಮೂತ್ರದ ಆ ಪರೀಕ್ಷೆ ಎಷ್ಟೋ ಸಲ ಕ್ರಿಯಾಟಿನಿನ್‌ಗಿಂತ ಮೊದಲೇ ಸುಳಿವು ಕೊಡುತ್ತದೆ.

ಒಮ್ಮೆ ಶುರುವಾದರೆ ಬಿಡುವುದೇ ಇಲ್ವಾ?

"ಡಯಾಲಿಸಿಸ್ಸಿಗೆ ಹೋಗಬ್ಯಾಡ್ರಿ, ಒಮ್ಮೆ ಹಚ್ಚಿದ್ರ ಬಿಡಂಗಿಲ್ಲ ಅದು." ಮಾಮಾಗೆ ಊರಲ್ಲಿ ಹೀಗೆ ಹೇಳಿದವರು ಒಬ್ಬರಲ್ಲ.

ಕಿಡ್ನಿ ಎರಡು ಥರ ಕೈಕೊಡುತ್ತದೆ. ಒಂದು, ದಿಢೀರ್ ಅಂತ. ಹೊಲದಲ್ಲಿ ಕೊಳಕುಮಂಡಲ ಹಾವು ಕಚ್ಚಿದಾಗ, ಇಲಿ ಜ್ವರ ಬಂದಾಗ, ವಾಂತಿ-ಭೇದಿಯಲ್ಲಿ ಮೈಯ ನೀರೆಲ್ಲ ಹೋದಾಗ ಚೆನ್ನಾಗಿದ್ದ ಕಿಡ್ನಿ ಎರಡೇ ದಿನದಲ್ಲಿ ನಿಂತುಬಿಡಬಹುದು. ಇಂಥವರಿಗೆ ಕೆಲವು ವಾರ ಡಯಾಲಿಸಿಸ್ ಮಾಡಿದರೆ ಬಹಳ ಸಲ ಕಿಡ್ನಿ ಮತ್ತೆ ಚೇತರಿಸಿಕೊಳ್ಳುತ್ತದೆ, ಡಯಾಲಿಸಿಸ್ ಬಿಡುತ್ತದೆ. ಇನ್ನೊಂದು, ಮಾಮಾನ ಥರ ವರ್ಷಗಟ್ಟಲೆ ಸವೆದು ಹೋದದ್ದು. ಅದು ಮತ್ತೆ ಚಿಗುರುವುದಿಲ್ಲ. ಅಲ್ಲಿ ಡಯಾಲಿಸಿಸ್ ಬಿಡದೆ ಇರುವುದು ಯಂತ್ರದ ಚಟದಿಂದಲ್ಲ, ಕಿಡ್ನಿ ಇಲ್ಲದ್ದರಿಂದ. ಈ ಮಾತಿಗೆ ಹೆದರಿ ಹಾವು ಕಚ್ಚಿದವರನ್ನೂ ಡಯಾಲಿಸಿಸ್‌ನಿಂದ ದೂರ ಇಟ್ಟರೆ ಉಳಿಯಬೇಕಾದ ಜೀವ ಹೋಗುತ್ತದೆ.

ಡಯಾಲಿಸಿಸ್‌ನ ನಾಲ್ಕು ಗಂಟೆಯಲ್ಲಿ ಏನಾಗುತ್ತದೆ

ಮಜ್ಜಿಗೆ ಮೆಣಸಿನಕಾಯಿಗೆ ಉಪ್ಪು ಜಾಸ್ತಿಯಾದರೆ ಏನು ಮಾಡುತ್ತೀರಿ? ನೀರಲ್ಲಿ ನೆನೆಸಿಡುತ್ತೀರಿ. ಉಪ್ಪು ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ನೀರಿಗೆ ತಾನೇ ಇಳಿಯುತ್ತದೆ. ಡಯಾಲಿಸಿಸ್ ನಿಂತಿರುವುದು ಇದೇ ಲೆಕ್ಕದ ಮೇಲೆ.

ಯಂತ್ರದ ಪಕ್ಕದಲ್ಲಿ ಮೊಳಕೈಯಷ್ಟು ಉದ್ದದ ಪಾರದರ್ಶಕ ಕೊಳವೆ ನಿಲ್ಲಿಸಿರುತ್ತಾರೆ. ಅದೇ ಡಯಾಲೈಸರ್, ಅಂದರೆ ಕೃತಕ ಕಿಡ್ನಿ. ಒಳಗೆ ಕೂದಲಿನಂಥ ಸಾವಿರಾರು ಟೊಳ್ಳು ಎಳೆಗಳಿವೆ. ಎಳೆಗಳ ಒಳಗೆ ರಕ್ತ ಹರಿಯುತ್ತದೆ, ಹೊರಗೆ ಎದುರು ದಿಕ್ಕಿನಲ್ಲಿ ಔಷಧ ಬೆರೆಸಿದ ನೀರು ಹರಿಯುತ್ತದೆ. ಎರಡೂ ಒಂದಕ್ಕೊಂದು ಬೆರೆಯುವುದಿಲ್ಲ. ಎಳೆಗಳ ಗೋಡೆಯಲ್ಲಿರುವ ಅತಿ ಸಣ್ಣ ರಂಧ್ರಗಳಿಂದ ಕಸ ಆಚೆ ಇಳಿಯುತ್ತದೆ, ರಕ್ತಕಣಗಳು ದೊಡ್ಡವು, ಅವು ಒಳಗೇ ಉಳಿಯುತ್ತವೆ. ಮೈಯಲ್ಲಿ ನಿಂತ ಜಾಸ್ತಿ ನೀರನ್ನು ಯಂತ್ರ ಒತ್ತಡದಿಂದ ಎಳೆದು ತೆಗೆಯುತ್ತದೆ. ರಕ್ತವನ್ನೆಲ್ಲ ಒಮ್ಮೆಗೇ ಹೊರಗೆ ತೆಗೆಯುತ್ತಾರೆ ಅಂತ ಅತ್ತಿ ಅಂದುಕೊಂಡಿದ್ದರು. ಹಾಗಲ್ಲ. ಯಾವ ಹೊತ್ತಿಗೂ ಹೊರಗಿರುವುದು ಒಂದು ದೊಡ್ಡ ಲೋಟದಷ್ಟು ರಕ್ತ ಮಾತ್ರ.

ಒಂದು ಸರದಿಗೆ ಸುಮಾರು 120 ಲೀಟರ್ ನೀರು ಬೇಕು. ನಾವು ಕುಡಿಯುವ ನೀರು ಹೊಟ್ಟೆ, ಕರುಳು ದಾಟಿ ರಕ್ತಕ್ಕೆ ಹೋಗುತ್ತದೆ. ಈ ನೀರು ರಕ್ತದ ಪಕ್ಕದಲ್ಲೇ ಹರಿಯುತ್ತದೆ. ಹಾಗಾಗಿ ಕುಡಿಯುವ ನೀರಿಗಿಂತಲೂ ಎಷ್ಟೋ ಪಟ್ಟು ಶುದ್ಧ ಇರಬೇಕು. ಡಯಾಲಿಸಿಸ್ ಕೇಂದ್ರದ ಹಿಂದಿನ ಕೋಣೆಯಲ್ಲಿ ಸದಾ ಗುಂಯ್ ಅನ್ನುವ ಆರ್‌ಒ ಘಟಕ ಇರುವುದು ಇದಕ್ಕೇ.

ರಕ್ತ ತೆಗೆಯಲು, ವಾಪಸ್ ಹಾಕಲು ದಾರಿ ಬೇಕಲ್ಲ? ಮೊದಲ ಯಂತ್ರವನ್ನು ಎರಡನೇ ಮಹಾಯುದ್ಧದ ಹೊತ್ತಲ್ಲಿ, 1943ರಲ್ಲಿ, ನೆದರ್‌ಲೆಂಡ್ಸ್‌ನ ವೈದ್ಯ ವಿಲೆಮ್ ಕೋಲ್ಫ್ ಕಟ್ಟಿದರು. ಆಗ ಸರದಿ ಸರದಿಗೂ ಹೊಸ ರಕ್ತನಾಳ ಕೊಯ್ಯಬೇಕಿತ್ತು, ನಾಳಗಳು ಮುಗಿದುಹೋಗುತ್ತಿದ್ದವು. ವರ್ಷಗಟ್ಟಲೆ ಡಯಾಲಿಸಿಸ್ ಮೇಲೆ ಬದುಕುವುದು ಸಾಧ್ಯವಾದದ್ದು 1960ರ ದಶಕದಲ್ಲಿ ಈ ದಾರಿಯ ಸಮಸ್ಯೆ ಬಗೆಹರಿದ ಮೇಲೆ.

ಇವತ್ತಿನ ದಾರಿಯ ಹೆಸರು ಫಿಸ್ಟುಲಾ. ಸಣ್ಣ ಆಪರೇಷನ್ ಮಾಡಿ ಕೈಯಲ್ಲಿ ಹೃದಯದಿಂದ ರಕ್ತ ತರುವ ಒಂದು ಅಪಧಮನಿಯನ್ನು, ರಕ್ತ ವಾಪಸ್ ಒಯ್ಯುವ ಅಭಿಧಮನಿಗೆ ಜೋಡಿಸುತ್ತಾರೆ. ಜೋರಾಗಿ ನುಗ್ಗುವ ರಕ್ತಕ್ಕೆ ಆ ನಾಳ ಉಬ್ಬಿ, ಗಟ್ಟಿಯಾಗಿ, ಸೂಜಿ ತಡೆಯುವಂತಾಗುತ್ತದೆ. ಅದಕ್ಕೆ ಆರೆಂಟು ವಾರ ಬೇಕು. ಆದ್ದರಿಂದ ಡಯಾಲಿಸಿಸ್ ಹತ್ತಿರ ಬಂದಿದೆ ಅಂತ ಡಾಕ್ಟರು ಹೇಳಿದಾಗಲೇ ಮಾಡಿಸಿಕೊಳ್ಳುವುದು ಒಳ್ಳೆಯದು. ಮಾಮಾಗೆ ಆ ಹೊತ್ತು ಸಿಗಲಿಲ್ಲ, ಮೊದಲ ಎರಡು ತಿಂಗಳು ಕುತ್ತಿಗೆಯಲ್ಲಿ ನಳಿಕೆ ಇಟ್ಟುಕೊಂಡೇ ಓಡಾಡಿದರು. ನಳಿಕೆಯಿಂದ ಸೋಂಕಿನ ಭಯ ಜಾಸ್ತಿ.

ಈಗ ಅವರ ಎಡಗೈ ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ಹಿಟ್ಟಿನ ಗಿರಣಿಯ ಗೋಡೆಗೆ ಕೈ ಹಚ್ಚಿದ ಹಾಗೆ ಝುಂ ಅನ್ನುತ್ತದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಮುಟ್ಟಿ ನೋಡಿಕೊಳ್ಳುತ್ತಾರೆ. ಆ ನಡುಕ ನಿಂತರೆ ಒಳಗೆ ರಕ್ತ ಹೆಪ್ಪುಗಟ್ಟಿದೆ ಅಂತ ಲೆಕ್ಕ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಆ ಕೈಗೆ ಬಿ.ಪಿ. ಪಟ್ಟಿ ಕಟ್ಟಿಸಬಾರದು, ರಕ್ತ ತೆಗೆಸಬಾರದು, ತುಂಬಿದ ಕೊಡ ಎತ್ತಬಾರದು, ಬಿಗಿ ವಾಚು-ಬಳೆ ಹಾಕಬಾರದು, ತಲೆದಿಂಬು ಮಾಡಿ ಮಲಗಬಾರದು.

ಉಳಿದ 156 ಗಂಟೆ

ಸಾಮಾನ್ಯವಾಗಿ ವಾರಕ್ಕೆ ಮೂರು ಸರದಿ, ಒಂದೊಂದಕ್ಕೆ ನಾಲ್ಕು ಗಂಟೆ. ಅಂದರೆ 12 ಗಂಟೆ. ಕಸದ ಗಾಡಿ ಈಗ ವಾರಕ್ಕೆ ಮೂರೇ ಸಲ ಬರುತ್ತದೆ. ಎರಡು ಒಳ್ಳೆಯ ಕಿಡ್ನಿ ಮಾಡುವ ಸೋಸುವ ಕೆಲಸದಲ್ಲಿ ನೂರಕ್ಕೆ ಹತ್ತು-ಹದಿನೈದು ಪಾಲಿನಷ್ಟನ್ನು ಮಾತ್ರ ಇದು ಮಾಡೀತು. ಉಳಿದ 156 ಗಂಟೆ ಕಸ ಮನೆಯಲ್ಲೇ ಕೂಡುತ್ತದೆ. ಅತ್ತಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಡಯಾಲಿಸಿಸ್ ಕಾಯಿಲೆ ವಾಸಿ ಮಾಡುವ ಮದ್ದಲ್ಲ, ಕಿಡ್ನಿಯ ಜಾಗದಲ್ಲಿ ನಿಂತು ಸ್ವಲ್ಪ ಕೆಲಸ ಮಾಡುವ ಆಳು. ಹಾಗಾಗಿ ಅದಕ್ಕೆ ಇಷ್ಟೇ ಸಲ ಅನ್ನುವ ಲೆಕ್ಕವಿಲ್ಲ. ಕಸ ಕಡಿಮೆ ಹುಟ್ಟುವ ಹಾಗೆ ನೋಡಿಕೊಳ್ಳುವ ಕೆಲಸ ಅಡುಗೆಮನೆಗೆ ಬರುತ್ತದೆ.

ಮೊದಲು ನೀರು. ಮೂತ್ರ ಕಡಿಮೆಯಾದ ಮೇಲೆ ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ, ಕಾಲಿಗೆ ಇಳಿಯುತ್ತದೆ, ಕೊನೆಗೆ ಶ್ವಾಸಕೋಶಕ್ಕೆ ತುಂಬಿ ಮಲಗಿದರೆ ಉಸಿರು ಕಟ್ಟುತ್ತದೆ. ಹಿಂದಿನ ದಿನ ಹೋದ ಮೂತ್ರದ ಅಳತೆಗೆ ಅರ್ಧ ಲೀಟರ್ ಸೇರಿಸಿ, ಅಷ್ಟು ಕುಡಿಯಬಹುದು ಅನ್ನುವುದು ಸಾಮಾನ್ಯ ಲೆಕ್ಕ. ನಿಮ್ಮ ಅಳತೆಯನ್ನು ನಿಮ್ಮ ಡಾಕ್ಟರೇ ಹೇಳಬೇಕು. ಚಹಾ, ಮಜ್ಜಿಗೆ, ಸಾರು ಎಲ್ಲ ಈ ಲೆಕ್ಕದೊಳಗೇ.

ಅತ್ತಿ ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಬೆಳಿಗ್ಗೆ ಮುಕ್ಕಾಲು ಲೀಟರಿನ ಬಾಟಲಿ ತುಂಬಿ ಅಡುಗೆ ಕಟ್ಟೆಯ ಮೇಲಿಡುತ್ತಾರೆ. ಮಾಮಾ ಅರ್ಧ ಕಪ್ಪು ಚಹಾ ಕುಡಿದರೆ, ಅಷ್ಟೇ ನೀರನ್ನು ಬಾಟಲಿಯಿಂದ ಅಳೆದು ತುಳಸಿ ಕಟ್ಟೆಗೆ ಹಾಕುತ್ತಾರೆ. ಗುಳಿಗೆಗೆ ಎರಡು ಗುಟುಕು ಕುಡಿದರೆ ಅದನ್ನೂ ಹಾಕುತ್ತಾರೆ. ಬಾಟಲಿ ಬರಿದಾದರೆ ಅವತ್ತಿನ ಪಾಲು ಮುಗಿಯಿತು. ಹೇಳಿಕೊಟ್ಟವರು ಯಾರೂ ಇಲ್ಲ, ಅವರೇ ಕಂಡುಕೊಂಡದ್ದು. ಏಪ್ರಿಲ್ ಬಿಸಿಲಲ್ಲಿ ಬಾಯಿ ಒಣಗಿದರೆ ಒಂದು ಸಣ್ಣ ಐಸ್ ತುಂಡು ಅಥವಾ ನಿಂಬೆ ಹೋಳು ಬಾಯಲ್ಲಿಟ್ಟುಕೊಳ್ಳುತ್ತಾರೆ. ಐಸಿನ ನೀರೂ ಲೆಕ್ಕಕ್ಕೆ ಸೇರುತ್ತದೆ.

ಎರಡು ಸರದಿಗಳ ನಡುವೆ ಏರುವ ತೂಕ ಬಹುಪಾಲು ನೀರಿನದೇ. ಒಂದು ಕಿಲೋ ಅಂದರೆ ಒಂದು ಲೀಟರ್. ಮೈಯಲ್ಲಿ ಜಾಸ್ತಿ ನೀರಿಲ್ಲದ ತೂಕಕ್ಕೆ ಡ್ರೈ ವೇಟ್ ಅನ್ನುತ್ತಾರೆ, ಅದಕ್ಕೆ ಇಳಿಸುವುದು ಪ್ರತಿ ಸರದಿಯ ಗುರಿ. ನಾಲ್ಕು ಕಿಲೋ ಏರಿಸಿಕೊಂಡು ಹೋದರೆ ನಾಲ್ಕು ಗಂಟೆಯಲ್ಲಿ ಅಷ್ಟೂ ಎಳೆಯಬೇಕು. ಆಗಲೇ ಬಿ.ಪಿ. ಕುಸಿಯುವುದು, ಮೀನಖಂಡ ಸೆಟೆದುಕೊಳ್ಳುವುದು, ಮನೆಗೆ ಬಂದು ದಿನವಿಡೀ ಏಳಲಾಗದೆ ಮಲಗುವುದು.

ಬಾಯಾರಿಕೆಯ ಬೇರು ಉಪ್ಪು. ಉಪ್ಪು ಬಿಡದೆ ನೀರು ಬಿಡು ಅಂದರೆ ಆಗುವ ಮಾತಲ್ಲ. ಜೋಳದ ರೊಟ್ಟಿಯನ್ನು ಉಪ್ಪಿಲ್ಲದೆ ತಟ್ಟುವ ರೂಢಿ ನಮ್ಮ ಕಡೆ ಇದೆ, ಅದೊಂದು ಅನುಕೂಲ. ತೊಂದರೆ ಇರುವುದು ಪಕ್ಕದಲ್ಲಿ ಬಡಿಸುವ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಯಲ್ಲಿ. "ಕಡಿಮೆ ಸೋಡಿಯಂ" ಅಂತ ಮಾರುವ ಉಪ್ಪನ್ನು ಮಾತ್ರ ಕೇಳದೆ ತರಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ.

ಆ ಪೊಟ್ಯಾಸಿಯಮ್ಮೇ ಎಲ್ಲಕ್ಕಿಂತ ಭಯ ಪಡಬೇಕಾದದ್ದು. ರಕ್ತದಲ್ಲಿ ಅದು ಮಿತಿ ಮೀರಿದರೆ ಮುನ್ಸೂಚನೆ ಇಲ್ಲದೆ ಹೃದಯ ನಿಲ್ಲಬಹುದು. ಎಳನೀರು, ಬಾಳೆಹಣ್ಣು, ಕಿತ್ತಳೆ, ಟೊಮೆಟೊ, ಆಲೂಗಡ್ಡೆ ಇವುಗಳಲ್ಲಿ ಅದು ಜಾಸ್ತಿ. ಆಸ್ಪತ್ರೆಗೆ ನೋಡಲು ಬರುವವರು ಪ್ರೀತಿಯಿಂದ ತರುವುದೂ ಇವನ್ನೇ! ಧಾರೆಹುಳಿ ಹಣ್ಣನ್ನಂತೂ ಕಿಡ್ನಿ ಕೆಟ್ಟವರು ಮುಟ್ಟಲೇಬಾರದು, ಅದರಲ್ಲಿರುವ ವಿಷ ಮೆದುಳಿಗೇ ಹೊಡೆಯುತ್ತದೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಕುದಿಸಿ, ಆ ನೀರು ಚೆಲ್ಲಿ ಪಲ್ಯ ಮಾಡಿದರೆ ಪೊಟ್ಯಾಸಿಯಂ ಸಾಕಷ್ಟು ಇಳಿಯುತ್ತದೆ. ವಾರದಲ್ಲಿ ಎರಡು ದಿನ ಸತತ ರಜೆ ಬೀಳುವ ಹೊತ್ತಿದೆಯಲ್ಲ, ಆಗ ಬಿಗಿ ಇನ್ನೂ ಜಾಸ್ತಿ ಇರಬೇಕು.

ಇಷ್ಟೆಲ್ಲ ಬೇಡ ಅನ್ನುವಾಗ ಒಂದು ತಪ್ಪು ಆಗುತ್ತದೆ. ಡಯಾಲಿಸಿಸ್ ಶುರುವಾಗುವ ಮೊದಲು ಬೇಳೆ, ಮೊಟ್ಟೆ ಕಡಿಮೆ ಮಾಡಿ ಅಂದಿರುತ್ತಾರೆ. ಶುರುವಾದ ಮೇಲೂ ಮನೆಯವರು ಅದನ್ನೇ ಮುಂದುವರಿಸುತ್ತಾರೆ. ಆದರೆ ಡಯಾಲಿಸಿಸ್‌ನಲ್ಲಿ ಪ್ರೋಟೀನ್‌ನ ಅಂಶವೂ ಸ್ವಲ್ಪ ತೊಳೆದು ಹೋಗುತ್ತದೆ. ಈಗ ಅದು ಮೊದಲಿಗಿಂತ ಜಾಸ್ತಿ ಬೇಕು. ತಿನ್ನದಿದ್ದರೆ ಮನುಷ್ಯ ಸೊರಗುತ್ತಾನೆ. ಹಾಲು, ಪೇಡಾ, ಶೇಂಗಾದಲ್ಲಿರುವ ರಂಜಕ (ಫಾಸ್ಫರಸ್) ರಕ್ತದಲ್ಲಿ ಜಾಸ್ತಿಯಾದರೆ ಮೂಳೆಗೆ ಕೆಟ್ಟದ್ದು. ಅದನ್ನು ಹಿಡಿಯುವ ಗುಳಿಗೆ ಕೊಟ್ಟಿದ್ದರೆ ಊಟದ ಜೊತೆಗೇ ನುಂಗಬೇಕು, ಊಟ ಬಿಟ್ಟು ನುಂಗಿದರೆ ಉಪಯೋಗವಿಲ್ಲ.

ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್

ಹೊಟ್ಟೆಯೊಳಗಿನ ತೆಳು ಪೊರೆಯನ್ನೇ ಜರಡಿ ಮಾಡಿಕೊಳ್ಳುವ ವಿಧಾನವೂ ಇದೆ. ಹೊಟ್ಟೆಗೆ ಸಣ್ಣ ಕಾಯಂ ನಳಿಕೆ ಹಾಕಿರುತ್ತಾರೆ. ಅದರಿಂದ ಎರಡು ಲೀಟರಿನಷ್ಟು ದ್ರವ ತುಂಬಿ, ಕೆಲವು ಗಂಟೆ ಬಿಟ್ಟು ಹೊರಗೆ ಬಿಡುತ್ತಾರೆ. ದಿನಕ್ಕೆ ಮೂರ್ನಾಲ್ಕು ಸಲ. ಸೂಜಿ ಇಲ್ಲ, ಬಸ್ ಹತ್ತುವುದಿಲ್ಲ, ಊಟದ ಕಟ್ಟುಪಾಡೂ ಕೊಂಚ ಸಡಿಲ. ಕೈ, ಕೋಣೆ ಬಹಳ ಸ್ವಚ್ಛ ಇರಬೇಕು, ಇಲ್ಲದಿದ್ದರೆ ಹೊಟ್ಟೆಗೆ ಸೋಂಕು. ಕೇಂದ್ರದಿಂದ ದೂರ ಇರುವ ಹಳ್ಳಿಯವರು ಈ ಬಗ್ಗೆ ಡಾಕ್ಟರನ್ನು ಒಮ್ಮೆ ಕೇಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಖರ್ಚು

2016ರಲ್ಲಿ ಶುರುವಾದ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಿಪಿಎಲ್ ಕುಟುಂಬದವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತ. ನಮ್ಮ ರಾಜ್ಯದ ಹಲವು ತಾಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳಿವೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಇಲ್ಲದಿದ್ದರೆ ಮೊದಲು ಮಾಡಿಸಿಟ್ಟುಕೊಳ್ಳಿ. ಆದರೆ ಲೆಕ್ಕಕ್ಕೆ ಸಿಗದ ಖರ್ಚು ಬೇರೆ ಇದೆ. ವಾರಕ್ಕೆ ಮೂರು ದಿನ ರೋಗಿಯ ಕೂಲಿ ಹೋಗುತ್ತದೆ, ಜೊತೆಗೆ ಬಂದವರದೂ ಹೋಗುತ್ತದೆ. 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲದ್ದರಿಂದ, ಜೊತೆಗೆ ಹೋಗುವುದು ಈಗ ಅತ್ತಿಯೇ.

ಕಸಿ: ಗಾಡಿ ಮತ್ತೆ ಓಣಿಗೆ ಬರುವುದು

156 ಗಂಟೆಯ ಭಾರ ಇಳಿಸುವ ದಾರಿ ಒಂದೇ, ಇನ್ನೊಂದು ಕಿಡ್ನಿ. ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದು 1954ರಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ, ಅವಳಿ ಅಣ್ಣತಮ್ಮಂದಿರ ನಡುವೆ. ನಮ್ಮ ದೇಶದಲ್ಲಿ ವೆಲ್ಲೂರಿನಲ್ಲಿ 1971ರಲ್ಲಿ ಆಯಿತು. ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಹೊಸದನ್ನು ಕಿಬ್ಬೊಟ್ಟೆಯ ಒಂದು ಬದಿಗೆ ಇಟ್ಟು ರಕ್ತನಾಳ, ಮೂತ್ರನಾಳ ಜೋಡಿಸುತ್ತಾರೆ.

ಯಾರು ಕೊಡಬಹುದು? 1994ರ ಅಂಗಾಂಗ ಕಸಿ ಕಾನೂನು, 2011ರ ತಿದ್ದುಪಡಿಯ ಪ್ರಕಾರ ಹತ್ತಿರದ ಸಂಬಂಧಿಗಳು ಅಂದರೆ ಗಂಡ-ಹೆಂಡತಿ, ತಂದೆ-ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ-ಅಜ್ಜಿ, ಮೊಮ್ಮಕ್ಕಳು. ಬೇರೆಯವರು ಕೊಡಬೇಕಾದರೆ ಸಮಿತಿಯ ಮುಂದೆ ದುಡ್ಡಿನ ವ್ಯವಹಾರ ಇಲ್ಲ ಅಂತ ತೋರಿಸಬೇಕು. ಕಿಡ್ನಿ ಮಾರುವುದು, ಕೊಳ್ಳುವುದು, ದಲ್ಲಾಳಿತನ ಮಾಡುವುದು ಮೂರೂ ಅಪರಾಧ. 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ ಇದೆ.

ರಕ್ತದ ಗುಂಪು ಕೂಡದಿದ್ದರೆ, ಅದೇ ತೊಂದರೆ ಇರುವ ಇನ್ನೊಂದು ಕುಟುಂಬದ ಜೊತೆ ಅದಲುಬದಲು ಮಾಡಿಕೊಳ್ಳಲು ಕಾನೂನು ಒಪ್ಪುತ್ತದೆ. ಇವರ ಮನೆಯ ಕಿಡ್ನಿ ಅವರಿಗೆ, ಅವರದು ಇವರಿಗೆ.

ಕೊಟ್ಟವರು ಕೈಲಾಗದವರಾಗುತ್ತಾರಾ? ಎಲ್ಲ ಪರೀಕ್ಷೆ ಮಾಡಿ ಆರೋಗ್ಯ ಸರಿ ಇದ್ದರೆ ಮಾತ್ರ ತೆಗೆದುಕೊಳ್ಳುತ್ತಾರೆ. ಉಳಿದ ಕಿಡ್ನಿ ಕೊಂಚ ದೊಡ್ಡದಾಗಿ ಭಾರ ಹೊರುತ್ತದೆ. ಕೆಲವು ವಾರ ಭಾರ ಎತ್ತದೆ ಇದ್ದು ಆಮೇಲೆ ಹೊಲದ ಕೆಲಸವನ್ನೂ ಮಾಡಬಹುದು, ವರ್ಷಕ್ಕೊಮ್ಮೆ ತೋರಿಸಿಕೊಳ್ಳುತ್ತಿರಬೇಕು. ನಮ್ಮ ದೇಶದಲ್ಲಿ ಬದುಕಿದ್ದಾಗ ಅಂಗ ಕೊಡುವವರಲ್ಲಿ ತಾಯಂದಿರು, ಹೆಂಡಂದಿರೇ ಜಾಸ್ತಿ. ಅವರಿಗೆ "ಬೇಡ" ಅನ್ನುವ ಹಕ್ಕೂ ಇದೆ. ಡಾಕ್ಟರು ಅವರನ್ನು ಒಬ್ಬರನ್ನೇ ಕೂರಿಸಿ ಕೇಳುವುದು ಅದಕ್ಕೇ.

ಕಸಿಯಾದ ಮೇಲೂ ಒಂದು ಕಟ್ಟು ಉಳಿಯುತ್ತದೆ. ಹೊಸ ಕಿಡ್ನಿಯನ್ನು ಮೈ ಪರಕೀಯ ಅಂತ ನೋಡಿ ದಾಳಿ ಮಾಡುತ್ತದೆ. ಅದನ್ನು ತಡೆಯುವ ಗುಳಿಗೆಗಳನ್ನು ಜೀವನಪೂರ್ತಿ ಗಡಿಯಾರ ನೋಡಿ ನುಂಗಬೇಕು. ಆರಾಮ ಅನ್ನಿಸಿತು ಅಂತ ಬಿಟ್ಟವರು ಕಿಡ್ನಿ ಕಳೆದುಕೊಂಡಿದ್ದಾರೆ. ಈ ಗುಳಿಗೆಗಳು ರೋಗ ತಡೆಯುವ ಶಕ್ತಿಯನ್ನೂ ತಗ್ಗಿಸುವುದರಿಂದ ಸೋಂಕಿನ ಎಚ್ಚರ ಬೇಕು, ಮೊದಲ ವರ್ಷ ಜಾಸ್ತಿ. ಚೆನ್ನಾಗಿ ನೋಡಿಕೊಂಡ ಕಿಡ್ನಿ ಹತ್ತು-ಹದಿನೈದು ವರ್ಷ, ಕೆಲವರಲ್ಲಿ ಇಪ್ಪತ್ತು ವರ್ಷ ದಾಟಿಯೂ ದುಡಿಯುತ್ತದೆ.

ಮೆದುಳು ಸತ್ತಿದೆ ಅಂದರೆ ಏನು

ಮನೆಯಲ್ಲಿ ಕೊಡುವವರಿಲ್ಲದಿದ್ದರೆ ಉಳಿದ ದಾರಿ ತೀರಿಕೊಂಡವರ ಅಂಗದಾನ. ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು, ಮೆದುಳಿನ ಬುಡದವರೆಗೂ ಕೆಲಸ ನಿಂತುಬಿಡುತ್ತದೆ. ತಾನಾಗಿ ಉಸಿರಿಲ್ಲ. ಯಂತ್ರ ಗಾಳಿ ತುಂಬುತ್ತಿರುವಷ್ಟು ಹೊತ್ತು ಹೃದಯ ಬಡಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಮನೆಯವರಿಗೆ ನಂಬುವುದು ಎಷ್ಟು ಕಷ್ಟ ಅಂತ ಯಾರಿಗೂ ಹೇಳಬೇಕಾಗಿಲ್ಲ. ಇದು ಕೋಮಾ ಅಲ್ಲ. ಕೋಮಾದಲ್ಲಿ ಮೆದುಳು ಬದುಕಿರುತ್ತದೆ, ಎಚ್ಚರಾಗುವ ಸಾಧ್ಯತೆ ಇರುತ್ತದೆ. ಮೆದುಳು ಸತ್ತ ಮೇಲೆ ವಾಪಸ್ ಬಂದವರಿಲ್ಲ. ನಾಲ್ವರು ವೈದ್ಯರ ತಂಡ ಕನಿಷ್ಠ ಆರು ಗಂಟೆ ಬಿಟ್ಟು ಎರಡು ಸಲ ಪರೀಕ್ಷಿಸಿ ಇದನ್ನು ಖಚಿತ ಮಾಡಬೇಕು ಅಂತ ಕಾನೂನಿದೆ. ಕಸಿ ಮಾಡುವ ವೈದ್ಯರು ಆ ತಂಡದಲ್ಲಿರುವಂತಿಲ್ಲ.

ಆ ಹೊತ್ತಿನಲ್ಲಿ ಒಪ್ಪಿಗೆ ಕೊಡಬೇಕಾದವರು ಮನೆಯವರು. ನೀವು ಅಂಗದಾನಕ್ಕೆ ಹೆಸರು ಬರೆಸಿದ್ದರೂ, ಮನೆಯಲ್ಲಿ ಹೇಳಿರದಿದ್ದರೆ ಅದು ನಿಲ್ಲುವುದು ಕಷ್ಟ. ಊಟಕ್ಕೆ ಕೂತಾಗ ಒಮ್ಮೆ ಹೇಳಿಬಿಡಿ, ಸಾಕು.

ನಮ್ಮ ರಾಜ್ಯದಲ್ಲಿ ಕಾಯುವವರ ಪಟ್ಟಿ ನೋಡಿಕೊಳ್ಳುವುದು ಜೀವಸಾರ್ಥಕತೆ ಅನ್ನುವ ಸರ್ಕಾರಿ ಸಂಸ್ಥೆ. ಕಸಿಗೆ ಪರವಾನಗಿ ಇರುವ ಆಸ್ಪತ್ರೆಯ ಮೂಲಕ ಹೆಸರು ಹಚ್ಚಬೇಕು. 65 ವರ್ಷ ದಾಟಿದವರು ಹೆಸರು ಹಚ್ಚುವಂತಿಲ್ಲ ಅನ್ನುವ ನಿಯಮವನ್ನು 2023ರಲ್ಲಿ ಕೇಂದ್ರ ಸರ್ಕಾರ ತೆಗೆದುಹಾಕಿದೆ.

ಮಾಮಾದು ಓ ಗುಂಪು. ಓ ಗುಂಪಿನವರು ಬೇರೆಯವರಿಗೆ ಕೊಡಬಹುದು, ಪಡೆಯುವುದು ಮಾತ್ರ ಸಾಮಾನ್ಯವಾಗಿ ಓ ಗುಂಪಿನವರಿಂದಲೇ. ಅತ್ತಿಯದು ಎ. ಮಗಳು ಮುಂದೆ ಬಂದಳು, ಮಾಮಾ ಒಪ್ಪಲಿಲ್ಲ. ಹೃದಯದ ಪರೀಕ್ಷೆಯೆಲ್ಲ ಮುಗಿಸಿ ಪಟ್ಟಿಯಲ್ಲಿ ಹೆಸರು ಹಚ್ಚಿದ್ದಾರೆ. ಫೋನ್ ಯಾವ ಹೊತ್ತಿಗೂ ಬರಬಹುದು. ಬಂದ ಕೂಡಲೇ ಏನೂ ತಿನ್ನದೆ ಹೊರಡಬೇಕು, ಹೊರತೆಗೆದ ಕಿಡ್ನಿಯನ್ನು ಐಸಿನಲ್ಲಿ ಒಂದು ದಿನದ ಆಚೀಚೆ ಮಾತ್ರ ಇಡಬಹುದು. ಒಂದೇ ಕಿಡ್ನಿಗೆ ಎರಡು-ಮೂರು ಜನರನ್ನು ಕರೆಸಿ ರಕ್ತ ಹೊಂದಿಸಿ ನೋಡುವುದೂ ಉಂಟು. ಅಲ್ಲಿವರೆಗೂ ಹೋಗಿ ಬರಿಗೈಯಲ್ಲಿ ಬರಬೇಕಾಗಬಹುದು ಅಂತ ಮೊದಲೇ ಹೇಳಿದ್ದಾರೆ.

ಬಾಗಿಲ ಹಿಂದಿನ ಮೊಳೆಗೆ ಒಂದು ಚೀಲ ನೇತಾಡುತ್ತಿದೆ. ಅದರಲ್ಲಿ ಫೈಲು, ಆಧಾರ್, ಕಾರ್ಡು, ಎರಡು ಜೊತೆ ಬಟ್ಟೆ, ಚಾರ್ಜರ್. ರಾತ್ರಿ ಹುಬ್ಬಳ್ಳಿ ಕಡೆ ಬಸ್ ಇರುವುದಿಲ್ಲ ಅಂತ ಪಕ್ಕದ ಮನೆಯ ಟಾಟಾ ಏಸ್ ಹುಡುಗನಿಗೂ ಅತ್ತಿ ಹೇಳಿಟ್ಟಿದ್ದಾರೆ: "ನಡುರಾತ್ರ್ಯಾಗ ಬಾಗಲಾ ಬಡದ್ರ ಯಾಕಂತ ಕೇಳಬ್ಯಾಡಪಾ, ಗಾಡಿ ತಗಿ."